ಹೆಸರಿನಲ್ಲಿ ಅಡಗಿದ ಊರು

ಯಾರನ್ನಾದರೂ ‘ನಿಮ್ಮ ಹೆಸರೇನು?’ ಎಂದು ಕೇಳಿದರೆ ಸಾಮಾನ್ಯವಾಗಿ ಒಂದೇ ಮಾತಿನಲ್ಲಿ ಉತ್ತರ ಬರುತ್ತದೆ. ಅದೇ ಹೆಸರು ಶಾಲೆಯ ದಾಖಲೆಯಲ್ಲಿಯೋ ಮನೆಬಾಗಿಲಿನ ಫಲಕದಲ್ಲಿಯೋ ಕಾಣಿಸಿಕೊಂಡಾಗ ಅದಕ್ಕೆ ಮೊದಲು ಒಂದೆರಡು ಅಕ್ಷರಗಳು ಸೇರಿರುತ್ತವೆ, ಇಲ್ಲವೆ ಕೊನೆಯಲ್ಲಿ ಮನೆತನದ ಹೆಸರೊಂದು ಬಂದಿರುತ್ತದೆ. ಕರೆಯುವ ಹೆಸರಿಗೂ ಬರೆಯುವ ಹೆಸರಿಗೂ ಇರುವ ಈ ಅಂತರ ಅಲ್ಪವಾದದ್ದಲ್ಲ. ಅಲ್ಲಿ ಒಂದು ಊರಿರುತ್ತದೆ, ಒಬ್ಬ ತಂದೆಯಿರುತ್ತಾನೆ, ಕೆಲವೊಮ್ಮೆ ಒಂದು ಕಸುಬೋ ಅಧಿಕಾರವೋ ಇರುತ್ತದೆ. ಇವೆಲ್ಲ ಹೆಸರಿಗೆ ಹೇಗೆ ಬಂದು ಸೇರಿದವು, ಈಗ ಹೇಗೆ ಕಳಚಿಕೊಳ್ಳುತ್ತಿವೆ ಎಂಬುದನ್ನು ಈ ಭಾಷಣದಲ್ಲಿ ಸ್ವಲ್ಪ ವಿಚಾರ ಮಾಡೋಣ.

ಮೊದಲಿಗೆ ‘ಹೆಸರು’ ಎಂಬ ಮಾತನ್ನೇ ನೋಡಬಹುದು. ಹಳಗನ್ನಡದಲ್ಲಿ ಇದು ‘ಪೆಸರ್’. ತಮಿಳಿನ ‘ಪೆಯರ್’, ತೆಲುಗಿನ ‘ಪೇರು’, ತುಳುವಿನ ‘ಪುದರ್’ ಇದರ ಒಡಹುಟ್ಟಿದ ರೂಪಗಳು. ಕನ್ನಡದಲ್ಲಿ ಪಕಾರವು ಹಕಾರವಾದಾಗ ‘ಪಾಲು’ ‘ಹಾಲು’ ಆಯಿತು, ‘ಪೆಸರ್’ ‘ಹೆಸರು’ ಆಯಿತು. ಬೇಲೂರು ತಾಲ್ಲೂಕಿನ ಹಲ್ಮಿಡಿಯ ಪ್ರಸಿದ್ಧ ಶಾಸನದಲ್ಲಿ ಆ ಊರೇ ‘ಪಲ್ಮಡಿ’ ಎಂದು ಕಾಣಿಸಿಕೊಳ್ಳುತ್ತದೆ. ಆಶ್ರಯದಾತರು ಬದಲಾದರೂ ಅರಸೊತ್ತಿಗೆಗಳು ಅಳಿದರೂ ಊರಿನ ಹೆಸರು ಇಷ್ಟು ಸಣ್ಣ ಮಾರ್ಪಾಡಿನೊಡನೆ ಒಂದೂವರೆ ಸಾವಿರ ವರ್ಷ ಬಾಳಿಕೊಂಡು ಬಂದಿದೆ. ಹೆಸರಿನ ಆಯುಸ್ಸು ಎಷ್ಟು ದೀರ್ಘವಾಗಬಹುದೆಂಬುದಕ್ಕೆ ಇದೊಂದು ನಿದರ್ಶನ.

ಇನ್ನು ಮನುಷ್ಯರಿಗೆ ಇಡುವ ಹೆಸರುಗಳು. ಕನ್ನಡಿಗರ ಹಳೆಯ ಹೆಸರುಗಳಲ್ಲಿ ಕಣ್ಣಿಗೆ ಬೀಳುವ ಮೊದಲ ವಿಶೇಷವೆಂದರೆ ಅವುಗಳ ಕೊನೆಯಲ್ಲಿ ನಂಟಿನ ಮಾತು ಇರುವುದು. ಅಪ್ಪ, ಅಯ್ಯ, ಅಣ್ಣ, ಅಮ್ಮ, ಅವ್ವ, ಅಕ್ಕ ಇವೆಲ್ಲ ಮನೆಯೊಳಗಿನ ಸಂಬಂಧವಾಚಕಗಳು. ಹತ್ತನೆಯ ಶತಮಾನದ ಅತ್ತಿಮಬ್ಬೆಯ ಹೆಸರಿನ ಕೊನೆಯ ‘ಅಬ್ಬೆ’ ಎಂದರೂ ತಾಯಿಯೇ. ಹುಟ್ಟಿದ ಹನ್ನೆರಡು ದಿನದ ಕೂಸನ್ನು ತೊಟ್ಟಿಲಿಗೆ ಹಾಕಿ ‘ಪುಟ್ಟಪ್ಪ’ ಎಂದು ಕರೆಯುವುದರಲ್ಲಿ ಒಂದು ಸ್ವಾರಸ್ಯವಿದೆ: ಕೂಸು ಪುಟ್ಟದು, ಆದರೆ ಅದು ಅಪ್ಪ. ಇದಕ್ಕೆ ಕಾರಣ ನಮ್ಮ ಪದ್ಧತಿಯಲ್ಲಿಯೇ ಉಂಟು. ಗತಿಸಿದ ತಾತನ ಹೆಸರನ್ನು ಮೊಮ್ಮಗನಿಗೂ ಅಜ್ಜಿಯ ಹೆಸರನ್ನು ಮೊಮ್ಮಗಳಿಗೂ ಇಡುತ್ತಿದ್ದರು. ಮಾವನ ಹೆಸರನ್ನು ಸೊಸೆ ಬಾಯಲ್ಲಿ ಹೇಳುವಂತಿಲ್ಲ. ಮಗುವನ್ನು ಕರೆಯದೆ ಇರುವಂತೆಯೂ ಇಲ್ಲ. ಆಗ ‘ಪುಟ್ಟಪ್ಪ’, ‘ಚಿಕ್ಕಯ್ಯ’, ‘ಅಜ್ಜಪ್ಪ’, ‘ಸಣ್ಣಮ್ಮ’ ಎಂಬ ಹೆಸರುಗಳು ಒದಗಿಬಂದವು. ಎಷ್ಟೋ ಮನೆಗಳಲ್ಲಿ ಕರೆಯುವ ಹೆಸರೇ ನಿಂತು ಇಟ್ಟ ಹೆಸರು ಮರೆತುಹೋಯಿತು.

ಎರಡನೆಯ ವಿಶೇಷ, ದೇವರ ಹೆಸರುಗಳದು. ದೇವರ ಹೆಸರನ್ನು ಇಡುವುದು ಎಲ್ಲ ಕಡೆಯೂ ಉಂಟು. ಕನ್ನಡಿಗರು ಸಾಮಾನ್ಯವಾಗಿ ತಮ್ಮ ಸೀಮೆಯ ದೇವರನ್ನೇ ಆರಿಸಿಕೊಂಡರು. ಆದಕಾರಣ ಹೆಸರು ಕೇಳಿದೊಡನೆ ಸೀಮೆಯನ್ನು ಊಹಿಸುವುದು ಬಹುಮಟ್ಟಿಗೆ ಸಾಧ್ಯವಾಗುತ್ತಿತ್ತು. ನಂಜುಂಡಯ್ಯ, ನಂಜಮ್ಮ ಎಂದರೆ ನಂಜನಗೂಡು. ನಂಜನ್ನು ಉಂಡವನು ನಂಜುಂಡ. ಮಾದಪ್ಪ, ಮಾದೇಶ ಎಂದರೆ ಮಲೆಯ ಮಹದೇಶ್ವರ. ಕೊಟ್ರೇಶ, ಕೊಟ್ರಪ್ಪ ಎಂದರೆ ಕೊಟ್ಟೂರು. ಗವಿಸಿದ್ಧಪ್ಪ ಎಂದರೆ ಕೊಪ್ಪಳದ ಗವಿಮಠ. ಹುಲಿಗೆಮ್ಮ ಎಂದರೆ ತುಂಗಭದ್ರೆಯ ದಡದ ಹುಲಿಗಿ. ಯಲ್ಲಪ್ಪ, ಯಲ್ಲವ್ವ ಎಂದರೆ ಸವದತ್ತಿ. ಶರಣಬಸಪ್ಪ ಎಂದರೆ ಕಲಬುರಗಿ. ಅದೇ ಕಲಬುರಗಿಯ ಬಂದೇನವಾಜರ ಹೆಸರು ಅಲ್ಲಿನ ಮುಸಲ್ಮಾನರ ಮನೆಗಳಲ್ಲಿ ಮಕ್ಕಳಿಗೆ ಬಂದಿದೆ. ಇವುಗಳಲ್ಲಿ ಕೆಲವು ಹೆಸರುಗಳನ್ನು ತಿಳಿಯದವರು ಹಾಸ್ಯ ಮಾಡುವುದುಂಟು. ಹುಚ್ಚಪ್ಪ, ಹುಚ್ಚರಾಯಪ್ಪ ಎಂಬ ಹೆಸರನ್ನು ಕೇಳಿ ನಗುವವರಿಗೆ ಶಿಕಾರಿಪುರದಲ್ಲಿ ಆಂಜನೇಯನು ಹುಚ್ಚರಾಯಸ್ವಾಮಿ ಎಂಬ ಹೆಸರಿನಿಂದ ಪೂಜೆಗೊಳ್ಳುತ್ತಾನೆಂಬುದು ತಿಳಿದಿರುವುದಿಲ್ಲ.

ಸಂಸ್ಕೃತದ ಮಾತುಗಳು ಕನ್ನಡಿಗರ ಬಾಯಲ್ಲಿ ತಿರುಗಿ ತದ್ಭವಗಳಾದುದನ್ನೂ ಹೆಸರುಗಳಲ್ಲಿ ಕಾಣಬಹುದು. ‘ವೃಷಭ’ ಪ್ರಾಕೃತದ ದಾರಿಯಲ್ಲಿ ಬಂದು ‘ಬಸವ’ ಆಯಿತು. ‘ಬ್ರಹ್ಮ’ ‘ಬೊಮ್ಮ’ ಆಯಿತು, ‘ಲಕ್ಷ್ಮಿ’ ‘ಲಕ್ಕಮ್ಮ’ ಆದಳು, ‘ಚಾಮುಂಡಿ’ ‘ಚೌಡಿ’ ಆದಳು, ‘ರತ್ನ’ ‘ರನ್ನ’ ಆಯಿತು. ಕನ್ನಡದ ರತ್ನತ್ರಯರಲ್ಲಿ ಪೊನ್ನ ಎಂದರೆ ಚಿನ್ನ, ರನ್ನ ಎಂದರೆ ರತ್ನ. ಈಗ ಹೊನ್ನಪ್ಪ, ಹೊನ್ನಮ್ಮ ಎಂಬುವರ ಹೆಸರು ಹಳ್ಳಿಯದೆಂದು ಹಿಂಜರಿಯುವವರು ಅದು ಪೊನ್ನನ ಹೆಸರೇ ಎಂಬುದನ್ನು ನೆನೆಯಬೇಕು.

ಮೂರನೆಯ ಬಗೆಯ ಹೆಸರುಗಳು ದುಃಖದಿಂದ ಹುಟ್ಟಿದವು. ಹುಟ್ಟಿದ ಮಕ್ಕಳು ಸಾಲಾಗಿ ಸಾಯುತ್ತಿದ್ದ ಕಾಲದಲ್ಲಿ ಮುಂದೆ ಹುಟ್ಟಿದ ಮಗುವಿಗೆ ಚೆಲುವಾದ ಹೆಸರಿಡಲು ತಾಯಿತಂದೆಯರು ಅಂಜುತ್ತಿದ್ದರು. ಮಗುವನ್ನು ತಿಪ್ಪೆಯ ಮೇಲೆ ಹೊರಳಿಸಿ, ಸಾವಿಗೂ ಬೇಡವಾದ ಮಗು ಇದು ಎಂದು ಸಾರುವಂತೆ ತಿಪ್ಪಯ್ಯ, ತಿಪ್ಪಣ್ಣ, ತಿಪ್ಪಮ್ಮ ಎಂದು ಕರೆದರು. ಕಲ್ಲಿನಂತೆ ಗಟ್ಟಿಯಾಗಿ ಉಳಿಯಲಿ ಎಂದು ಕಲ್ಲಪ್ಪ, ಗುಂಡಪ್ಪ ಎಂದರು. ಆದರೆ ಇಲ್ಲಿ ಅವಸರದ ತೀರ್ಮಾನ ಸಲ್ಲದು. ಚಿತ್ರದುರ್ಗದ ಕಡೆಯ ತಿಪ್ಪೇಸ್ವಾಮಿಗಳು ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಯ ಹೆಸರನ್ನು ಹೊತ್ತವರು. ಅವರ ಹೆಸರಿಗೆ ಭಕ್ತಿ ಕಾರಣವೇ ಹೊರತು ಭಯವಲ್ಲ. ಒಂದೇ ಸದ್ದಿನ ಎರಡು ಹೆಸರುಗಳಿಗೆ ಎರಡು ಕಥೆಗಳಿರಬಹುದು. ಯಾವುದು ಯಾರ ಕಥೆಯೆಂಬುದನ್ನು ಆಯಾ ಮನೆಯ ಹಿರಿಯರು ಮಾತ್ರ ಹೇಳಬಲ್ಲರು.

ಇದೇ ಗುಂಪಿನಲ್ಲಿ ಇನ್ನೂ ಕಹಿಯಾದ ಹೆಸರುಗಳುಂಟು. ಹೆಣ್ಣುಮಕ್ಕಳು ಒಂದರ ಮೇಲೊಂದು ಹುಟ್ಟಿದ ಮನೆಯಲ್ಲಿ ‘ಇನ್ನು ಸಾಕು’ ಎಂದು ‘ಸಾಕಮ್ಮ’ ಎಂದಿಟ್ಟದ್ದುಂಟು. ನೆರೆಯ ಮಹಾರಾಷ್ಟ್ರದಲ್ಲಿ ಇದಕ್ಕೆ ಸಮಾನವಾದ ಹೆಸರು ‘ನಕೋಶಿ’, ಅಂದರೆ ಬೇಡವಾದವಳು. 2011ರಲ್ಲಿ ಸಾತಾರಾ ಜಿಲ್ಲೆಯ ಆಡಳಿತವು ಸಮಾರಂಭವನ್ನೇ ನಡೆಸಿ ಇಂಥ ಹೆಸರುಳ್ಳ ಇನ್ನೂರಕ್ಕೂ ಹೆಚ್ಚು ಹೆಣ್ಣುಮಕ್ಕಳಿಗೆ ಹೊಸ ಹೆಸರುಗಳನ್ನು ಕೊಡಿಸಿತು. ಹಳೆಯದೆಂಬ ಒಂದೇ ಕಾರಣಕ್ಕೆ ಎಲ್ಲ ಹೆಸರನ್ನೂ ಉಳಿಸಬೇಕೆಂಬುದು ನನ್ನ ವಾದವಲ್ಲ. ಬಿಡಬೇಕಾದದ್ದನ್ನು ತಿಳಿದು ಬಿಡಬೇಕು, ತಿಳಿಯದೆ ಕಳೆದುಕೊಳ್ಳಬಾರದು.

ಹೆಸರಿಗೆ ಜತೆಯಾಗಿ ಬರುವ ಮಾತುಗಳ ಕಡೆಗೆ ಈಗ ಬರೋಣ. ಬೆಂಗಳೂರಿನ ಹೆಸರು ಮೊದಲು ಕಾಣಿಸಿಕೊಳ್ಳುವ ಬೇಗೂರಿನ ವೀರಗಲ್ಲು ಸುಮಾರು ಕ್ರಿ.ಶ. 900ರ ಕಾಲದ್ದು. ಅದರಲ್ಲಿ ಬೆಂಗಳೂರಿನ ಕಾಳಗದಲ್ಲಿ ಮಡಿದವನನ್ನು ನಾಗತ್ತರನ ಮಗನಾದ ಬುಟ್ಟಣಸೆಟ್ಟಿ ಎಂದು ಗುರುತಿಸಿದೆ. ತಂದೆಯ ಹೆಸರು ಮೊದಲು, ತನ್ನ ಹೆಸರು ಆಮೇಲೆ. ಇಂದು ಹಳೆಯ ಮೈಸೂರು ಸೀಮೆಯವರು ತಮ್ಮ ಹೆಸರನ್ನು ಬರೆಯುವ ಕ್ರಮವೂ ಇದೇ. ಇನಿಷಿಯಲ್ ಎಂಬ ಮಾತು ಇಂಗ್ಲಿಷಿನದು, ತಂದೆಯನ್ನು ಮೊದಲು ಹೇಳಿ ಮಗನನ್ನು ಗುರುತಿಸುವ ರೂಢಿ ಈ ಮಣ್ಣಿನದು.

ಹನ್ನೆರಡನೆಯ ಶತಮಾನದ ವಚನಕಾರರಲ್ಲಿ ತಂದೆಯ ಸ್ಥಾನಕ್ಕೆ ಕಾಯಕ ಬಂತು. ಅಂಬಿಗರ ಚೌಡಯ್ಯ, ಮಡಿವಾಳ ಮಾಚಯ್ಯ, ನುಲಿಯ ಚಂದಯ್ಯ, ಹಡಪದ ಅಪ್ಪಣ್ಣ, ಆಯ್ದಕ್ಕಿ ಲಕ್ಕಮ್ಮ ಇವರೆಲ್ಲ ಮಾಡುವ ಕೆಲಸದಿಂದ ಗುರುತಿಸಲ್ಪಟ್ಟವರು. ಹಡಪವೆಂದರೆ ತಾಂಬೂಲದ ಚೀಲ. ಐದು ಶತಮಾನಗಳ ಬಳಿಕ ಮೈಸೂರಿನ ಅರಮನೆಯಲ್ಲಿ ಅದೇ ಕೆಲಸ ಮಾಡಿದ ಕವಯಿತ್ರಿ ಸಂಚಿಯ ಹೊನ್ನಮ್ಮ ಎನ್ನಿಸಿಕೊಂಡಳು. ವಚನಕಾರರ ಹೆಸರುಗಳಲ್ಲಿ ಇನ್ನೊಂದು ಸಂಗತಿಯನ್ನು ಗಮನಿಸಬೇಕು. ಮಾದಾರ ಚೆನ್ನಯ್ಯ, ಡೋಹರ ಕಕ್ಕಯ್ಯ ಎಂಬಲ್ಲಿ ‘ಅಯ್ಯ’ ಎಂಬುದು ಅಲಂಕಾರಕ್ಕೆ ಬಂದುದಲ್ಲ. ನಮ್ಮ ಹಳ್ಳಿಗಳಲ್ಲಿ ತೀರ ಈಚಿನವರೆಗೂ ದಲಿತರ ಹೆಸರನ್ನು ಕರಿಯ, ಮಾರ ಎಂದು ಬರಿದಾಗಿ ಕರೆಯುವ ರೂಢಿಯಿತ್ತು; ಅಪ್ಪ, ಅಯ್ಯ ಸೇರಿಸಲು ಮೇಲಿನವರ ನಾಲಗೆ ಹೊರಳುತ್ತಿರಲಿಲ್ಲ. ಆ ಎರಡು ಅಕ್ಷರವನ್ನು ಶರಣರು ಎಂಟು ಶತಮಾನಗಳ ಹಿಂದೆಯೇ ಕೊಟ್ಟಿದ್ದರು. ಹೆಸರಿನ ಕೊನೆಯ ಸಣ್ಣ ಮಾತಿನಲ್ಲಿ ಎಷ್ಟು ದೊಡ್ಡ ಮಾನವಿದೆಯೆಂಬುದು ಇದರಿಂದ ತಿಳಿಯುತ್ತದೆ.

ಆಧುನಿಕ ಕಾಲದಲ್ಲಿ ಶಾಲೆ, ಕಚೇರಿ, ನ್ಯಾಯಾಲಯಗಳು ಬಂದಾಗ ಹೆಸರನ್ನು ಒಂದೇ ರೀತಿಯಲ್ಲಿ ಬರೆದಿಡುವ ಅಗತ್ಯ ತಲೆದೋರಿತು. ಆಗ ಕನ್ನಡನಾಡು ಹಲವು ಆಡಳಿತಗಳಲ್ಲಿ ಹಂಚಿಹೋಗಿತ್ತು. ಮೈಸೂರು ಸಂಸ್ಥಾನದಲ್ಲಿ ಊರು, ತಂದೆ, ತಾನು ಎಂಬ ಕ್ರಮ ರೂಢಿಗೆ ಬಂತು. ಮುಂಬಯಿ ಪ್ರಾಂತಕ್ಕೆ ಸೇರಿದ್ದ ಧಾರವಾಡ, ಬೆಳಗಾವಿ, ವಿಜಾಪುರಗಳ ಕಡೆ ತಾನು, ತಂದೆ, ಮನೆತನ ಎಂಬ ಕ್ರಮ ಬಂತು. ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪ ಎಂಬಲ್ಲಿ ಊರಿನಿಂದ ಹೊರಟು ವ್ಯಕ್ತಿಯನ್ನು ತಲಪುತ್ತೇವೆ. ದತ್ತಾತ್ರೇಯ ರಾಮಚಂದ್ರ ಬೇಂದ್ರೆ ಎಂಬಲ್ಲಿ ವ್ಯಕ್ತಿಯಿಂದ ಹೊರಟು ಮನೆತನವನ್ನು ತಲಪುತ್ತೇವೆ. 1956ರ ನವೆಂಬರ್ 1ರಂದು ನಾಡು ಒಂದಾಯಿತು, ಹೆಸರು ಬರೆಯುವ ಕ್ರಮಗಳು ಮಾತ್ರ ಎರಡಾಗಿಯೇ ಉಳಿದವು.

ಮೈಸೂರಿನ ಕ್ರಮದಲ್ಲಿ ಒಂದು ಜಾಣತನವಿದೆ. ಕುವೆಂಪು ಅವರ ಮಗ ಕುಪ್ಪಳಿ ಪುಟ್ಟಪ್ಪ ಪೂರ್ಣಚಂದ್ರ ತೇಜಸ್ವಿ. ಅಜ್ಜನ ಹೆಸರು ಸರಿದು ತಂದೆಯ ಹೆಸರು ಒಳಬಂತು, ಊರು ನಿಂತಲ್ಲಿಯೇ ನಿಂತಿತು. ತಲೆಮಾರು ಬದಲಾದರೂ ಊರು ಕದಲುವುದಿಲ್ಲ. ಹೀಗೆ ಕದಲದೆ ನಿಂತ ಊರು ಕೆಲವೊಮ್ಮೆ ಮರೆತುಹೋದ ವಲಸೆಯ ಸಾಕ್ಷಿಯಾಗುತ್ತದೆ. ಸರ್ ಎಂ. ವಿಶ್ವೇಶ್ವರಯ್ಯನವರು ಹುಟ್ಟಿದ್ದು ಚಿಕ್ಕಬಳ್ಳಾಪುರದ ಬಳಿಯ ಮುದ್ದೇನಹಳ್ಳಿಯಲ್ಲಿ. ಅವರ ಹೆಸರಿನ ‘ಎಂ’ ಮುದ್ದೇನಹಳ್ಳಿಯದಲ್ಲ, ಮೋಕ್ಷಗುಂಡಂ ಎಂಬುದರದು. ಅದು ಅವರ ಪೂರ್ವಿಕರ ಊರು, ಇಂದಿನ ಆಂಧ್ರಪ್ರದೇಶದಲ್ಲಿದೆ. ಮುಳಬಾಗಿಲಿನಲ್ಲಿ ಹುಟ್ಟಿದ ಡಿ.ವಿ.ಜಿ.ಯವರ ‘ಡಿ’ ದೇವನಹಳ್ಳಿಯದು. ಉತ್ತರದಲ್ಲಿಯೂ ಇದೇ ಮಾತು. ವಿನಾಯಕ ಕೃಷ್ಣ ಗೋಕಾಕರು ಹುಟ್ಟಿದ್ದು ಸವಣೂರಿನಲ್ಲಿ, ಗೋಕಾಕವು ಮನೆತನದ ಹೆಸರಾಗಿ ಅವರ ಜತೆ ನಡೆದುಬಂತು.

ಆದರೆ ಇಂಗ್ಲಿಷಿನ ಅಕ್ಷರದಲ್ಲಿ ಒಂದು ದೋಷವಿದೆ. ಕೆ.ವಿ. ಪುಟ್ಟಪ್ಪ, ಕೆ.ಎಸ್. ನರಸಿಂಹಸ್ವಾಮಿ, ಕೆ. ಶಿವರಾಮ ಕಾರಂತ, ಫೀಲ್ಡ್ ಮಾರ್ಷಲ್ ಕೆ.ಎಂ. ಕಾರ್ಯಪ್ಪ ಈ ನಾಲ್ವರಿಗೂ ಮೊದಲ ಅಕ್ಷರ ‘ಕೆ’. ಮೊದಲನೆಯದು ಶಿವಮೊಗ್ಗ ಜಿಲ್ಲೆಯ ಕುಪ್ಪಳಿ, ಎರಡನೆಯದು ಮಂಡ್ಯ ಜಿಲ್ಲೆಯ ಕಿಕ್ಕೇರಿ, ಮೂರನೆಯದು ಕರಾವಳಿಯ ಕೋಟ, ನಾಲ್ಕನೆಯದು ಊರೇ ಅಲ್ಲ, ಕೊಡಂದೇರ ಎಂಬ ಕೊಡವ ಮನೆತನ. ನಾಲ್ಕು ನೆಲಗಳನ್ನು ಒಂದು ಅಕ್ಷರ ನುಂಗಿಕೊಂಡಿದೆ. ನಮ್ಮ ಹಿರಿಯ ಸಾಹಿತಿಗಳು ಕನ್ನಡದ ಅಕ್ಷರಗಳಿಂದ ಕಾವ್ಯನಾಮ ಮಾಡಿಕೊಂಡಾಗ ಈ ದೋಷ ಬಹುಮಟ್ಟಿಗೆ ನೀಗಿತು. ‘ಕುವೆಂಪು’ ಎಂಬ ಮೂರಕ್ಷರದಲ್ಲಿ ಕುಪ್ಪಳಿ, ವೆಂಕಟಪ್ಪ, ಪುಟ್ಟಪ್ಪ ಮೂವರೂ ತಮ್ಮ ಸ್ವರದೊಡನೆ ಉಳಿದಿದ್ದಾರೆ. ‘ತೀನಂಶ್ರೀ’ ಎಂಬಲ್ಲಿ ತೀರ್ಥಪುರವೂ ನಂಜುಂಡಯ್ಯನವರೂ ಶ್ರೀಕಂಠಯ್ಯನವರೂ ಇದ್ದಾರೆ. ಕನ್ನಡದ ಅಕ್ಷರದಲ್ಲಿ ವ್ಯಂಜನದ ಜತೆಗೆ ಸ್ವರವೂ ಕೂಡಿರುವುದರಿಂದ ಊರನ್ನು ಊಹಿಸಲು ಒಂದು ಆಧಾರ ಉಳಿಯುತ್ತದೆ. ಇನ್ನು ಕೆಲವರು ಊರನ್ನು ಪೂರ್ತಿಯಾಗಿಯೇ ಬರೆದರು: ಮಾಸ್ತಿ ವೆಂಕಟೇಶ ಅಯ್ಯಂಗಾರ್, ಗೊರೂರು ರಾಮಸ್ವಾಮಿ ಅಯ್ಯಂಗಾರ್, ಬರಗೂರು ರಾಮಚಂದ್ರಪ್ಪ, ದೇವನೂರ ಮಹಾದೇವ. ಮಾಸ್ತಿಯವರಂತೂ ಊರಿನ ಹೆಸರಿನಿಂದಲೇ ನಾಡಿಗೆಲ್ಲ ಪರಿಚಿತರಾದರು.

ಉತ್ತರ ಕರ್ನಾಟಕದ ಮನೆತನದ ಹೆಸರುಗಳು ಇನ್ನೊಂದು ಬಗೆಯ ಚರಿತ್ರೆಯನ್ನು ಹೇಳುತ್ತವೆ. ಕಂಬಾರ, ಬಡಿಗೇರ, ಪತ್ತಾರ, ಹೂಗಾರ ಇವು ಕಸುಬಿನವು. ಅಕ್ಕಿ, ಹತ್ತಿ, ಬೆಲ್ಲದ, ಮೆಣಸಿನಕಾಯಿ, ಉಳ್ಳಾಗಡ್ಡಿ ಎಂಬ ಹೆಸರುಗಳನ್ನು ಕೇಳಿದರೆ ಒಂದು ಸಂತೆಯೇ ಕಣ್ಣ ಮುಂದೆ ಬರುತ್ತದೆ. ಪಾಟೀಲ, ಕುಲಕರ್ಣಿ, ದೇಸಾಯಿ, ಇನಾಮದಾರ ಇವು ಅಧಿಕಾರದವು. ದಕ್ಷಿಣದ ‘ಗೌಡ’ ಶಾಸನಗಳ ಗಾವುಂಡನಿಂದ, ‘ಹೆಗ್ಗಡೆ’ ಪೆರ್ಗಡೆಯಿಂದ, ‘ಶ್ಯಾನುಭೋಗ’ ಸೇನಬೋವನಿಂದ ಬಂದವು. ವಂಶಪಾರಂಪರ್ಯದ ಗ್ರಾಮಾಧಿಕಾರಗಳನ್ನು 1961ರ ಕಾಯಿದೆ ರದ್ದುಪಡಿಸಿತು. ಹುದ್ದೆ ಹೋಯಿತು, ಹೆಸರು ಉಳಿಯಿತು. ಕೊಡಗಿನಲ್ಲಿ ಮನೆತನದ ಹೆಸರು ಮೊದಲು ಬರುತ್ತದೆ. ಅಪ್ಪನೆರವಂಡ ಅಪ್ಪಚ್ಚಕವಿ ಎಂಬಲ್ಲಿನ ‘ಅಂಡ’, ಕೊಡಂದೇರ ಎಂಬಲ್ಲಿನ ‘ಏರ’ ಇವು ‘ಇಂಥವರ ಮನೆಯವನು’ ಎಂಬುದನ್ನು ಸೂಚಿಸುವ ಪ್ರತ್ಯಯಗಳು. ಗಡಿಯಾಚೆಯ ಕಾಸರಗೋಡಿನ ಕಯ್ಯಾರ ಕಿಞ್ಞಣ್ಣ ರೈ ಅವರ ಹೆಸರಿನಲ್ಲಿ ಊರು, ಹೆಸರು, ಮನೆತನದ ಬಿರುದು ಮೂರೂ ಇವೆ. ‘ಕಿಞ್ಞ’ ಎಂದರೆ ತುಳುವಿನಲ್ಲಿ ಚಿಕ್ಕದು. ನಮ್ಮ ಪುಟ್ಟಣ್ಣನೇ ಅಲ್ಲಿ ಕಿಞ್ಞಣ್ಣ.

ಇಷ್ಟೆಲ್ಲ ಹೇಳಿದ್ದು ಇಂದಿನ ಒಂದು ಸ್ಥಿತಿಯನ್ನು ತಿಳಿಸುವುದಕ್ಕಾಗಿ. ನಾನು ವಾಸವಾಗಿರುವ ಹೇರೋಹಳ್ಳಿ ಮಾಗಡಿ ರಸ್ತೆಯ ಬದಿಯ ಹಳ್ಳಿ. ಈಗ ಬೆಂಗಳೂರು ನಗರದೊಳಗೆ ಸೇರಿಕೊಂಡು ಬಡಾವಣೆಗಳಿಂದ ತುಂಬಿದೆ. ಇಲ್ಲಿ ಮನೆ ಕಟ್ಟಿಕೊಂಡವರಲ್ಲಿ ಮಾಗಡಿ, ಕುಣಿಗಲ್ಲು, ಮಂಡ್ಯ, ಹಾಸನಗಳಿಂದ ಬಂದವರಿದ್ದಾರೆ, ಉತ್ತರ ಕರ್ನಾಟಕದವರಿದ್ದಾರೆ. ಬೀದಿಯಲ್ಲಿ ನಡೆಯುತ್ತ ನಾಮಫಲಕಗಳನ್ನು ಓದಿದರೆ ಹಿರಿಯರ ಹೆಸರಿಗೆ ಮೊದಲು ಅಕ್ಷರಗಳಿರುವುದೂ ಮಕ್ಕಳ ಹೆಸರಿಗೆ ಅವು ಇಲ್ಲದಿರುವುದೂ ಕಾಣುತ್ತದೆ. ‘ಎಚ್’ ಎಂದರೆ ಏನೆಂದು ಯುವಕರನ್ನು ಕೇಳಿದರೆ ‘ತಂದೆಯವರ ಇನಿಷಿಯಲ್’ ಎಂಬ ಉತ್ತರ ಬರುತ್ತದೆ. ತಂದೆಗೆ ಅದು ಎಲ್ಲಿಂದ ಬಂತು ಎಂಬುದಕ್ಕೆ ಅನೇಕರಲ್ಲಿ ಉತ್ತರವಿರುವುದಿಲ್ಲ. ಅದು ಹೇರೋಹಳ್ಳಿಯ ‘ಎಚ್’ ಆಗಬಹುದು, ಮಾಜಿ ಪ್ರಧಾನಿ ದೇವೇಗೌಡರ ಹೆಸರಿನಲ್ಲಿರುವಂತೆ ಹರದನಹಳ್ಳಿಯದಾಗಬಹುದು, ಶಿಕ್ಷಣತಜ್ಞ ಎಚ್. ನರಸಿಂಹಯ್ಯನವರ ಹೆಸರಿನಲ್ಲಿರುವಂತೆ ಹೊಸೂರಿನದಾಗಬಹುದು.

ಇದಕ್ಕೆ ಜನರ ಅಲಕ್ಷ್ಯವೊಂದೇ ಕಾರಣವಲ್ಲ. ಪಾಸ್‌ಪೋರ್ಟಿನ ಅರ್ಜಿಯಲ್ಲಿಯೂ ವಿದೇಶದ ಕಾಲೇಜುಗಳ ಅರ್ಜಿಯಲ್ಲಿಯೂ ವ್ಯಕ್ತಿಯ ಹೆಸರಿಗೊಂದು, ಮನೆತನದ ಹೆಸರಿಗೊಂದು ಎಂದು ಎರಡು ಅಂಕಣಗಳಿರುತ್ತವೆ. ನಮ್ಮವರಿಗೆ ಮನೆತನದ ಹೆಸರೇ ಇಲ್ಲ. ಆಗ ಒಬ್ಬರು ಊರನ್ನು ಅಲ್ಲಿ ಬರೆಯುತ್ತಾರೆ, ಇನ್ನೊಬ್ಬರು ತಂದೆಯ ಹೆಸರನ್ನು ಬರೆಯುತ್ತಾರೆ, ಮತ್ತೊಬ್ಬರು ಒಂಟಿ ಅಕ್ಷರವನ್ನೇ ಬರೆದು ಸುಮ್ಮನಾಗುತ್ತಾರೆ. ಒಂದೇ ಮನೆಯ ಅಣ್ಣತಂಗಿಯರಿಗೆ ಎರಡು ಮನೆತನಗಳಾಗುವುದು ಹೀಗೆ. ತಂದೆಯ ಹೆಸರನ್ನು ಮನೆತನದ ಹೆಸರಾಗಿ ಬರೆಸಿದವನನ್ನು ಪರದೇಶದಲ್ಲಿ ತಂದೆಯ ಹೆಸರಿನಿಂದಲೇ ಕರೆಯುತ್ತಾರೆ.

ಪ್ರಪಂಚದಲ್ಲಿ ಈ ತೊಡಕು ನಮಗೊಬ್ಬರಿಗೇ ಬಂದುದಲ್ಲ. ಬರ್ಮಾ ದೇಶದವರಿಗೆ ಮನೆತನದ ಹೆಸರಿಲ್ಲ. ವಿಶ್ವಸಂಸ್ಥೆಯ ಪ್ರಧಾನ ಕಾರ್ಯದರ್ಶಿಯಾಗಿದ್ದ ಊ ಥಾಂಟರ ಹೆಸರು ಥಾಂಟ್ ಮಾತ್ರ. ‘ಊ’ ಎಂಬುದು ನಮ್ಮ ‘ಅಯ್ಯ’ನಂಥ ಗೌರವದ ಮಾತು. ಐಸ್‌ಲೆಂಡಿನಲ್ಲಿ ಇಂದಿಗೂ ತಂದ ಅಥವಾ ತಾಯಿಯ ಹೆಸರಿಗೆ ‘ಮಗ’, ‘ಮಗಳು’ ಎಂಬ ಮಾತು ಸೇರಿಸಿ ಬರೆಯುವುದೇ ರೂಢಿ. ತುರ್ಕಿಯಲ್ಲಿ ಮಾತ್ರ 1934ರ ಕಾನೂನು ಎಲ್ಲರೂ ಮನೆತನದ ಹೆಸರನ್ನು ಇಟ್ಟುಕೊಳ್ಳಬೇಕೆಂದು ವಿಧಿಸಿತು. ನಮ್ಮಲ್ಲಿ ಅಂಥ ಕಾನೂನು ಬರಲಿಲ್ಲ. ಅರ್ಜಿಯ ಅಂಕಣಗಳೇ ಆ ಕೆಲಸವನ್ನು ಸದ್ದಿಲ್ಲದೆ ಮಾಡುತ್ತಿವೆ.

ಹೆಣ್ಣುಮಕ್ಕಳ ವಿಷಯದಲ್ಲಿ ನಷ್ಟ ಇನ್ನೂ ಹೆಚ್ಚಿನದು. ಮದುವೆಯಾದೊಡನೆ ತವರಿನ ಊರು, ತಂದೆಯ ಹೆಸರು ಎರಡೂ ಅಳಿಸಿ ಗಂಡನ ಅಕ್ಷರಗಳು ಬಂದು ಕೂಡುತ್ತಿದ್ದವು. ತಾಯಿಯ ತಾಯಿ ಯಾವ ಊರಿನವಳೆಂಬುದು ಮೂರನೆಯ ತಲೆಮಾರಿಗೆ ತಿಳಿಯದೆ ಹೋಗುವುದು ಇದರಿಂದಲೇ. ಹೊಸ ಹೆಸರು ಹುಟ್ಟುವ ಪರಿಯೂ ವಿಚಿತ್ರ. ಕುಳಕುಂದ ಶಿವರಾಯರು ‘ನಿರಂಜನ’ ಎಂಬ ಕಾವ್ಯನಾಮ ತಳೆದರು. ಅವರ ಪತ್ನಿ ವೆಂಕಟಲಕ್ಷ್ಮಿಯವರು ಲೇಖಕಿಯಾಗಿ ಅನುಪಮಾ ನಿರಂಜನ ಆದರು. ಮಗಳು ವಿದುಷಿ ತೇಜಸ್ವಿನಿ ನಿರಂಜನ. ಒಂದೇ ತಲೆಮಾರಿನಲ್ಲಿ ಕಾವ್ಯನಾಮವೊಂದು ಮನೆತನದ ಹೆಸರಾಯಿತು, ಕುಳಕುಂದವೆಂಬ ಊರು ಹಿಂದೆ ಉಳಿಯಿತು. ತಿಳಿದು ಮಾಡಿದ ಇಂಥ ಆಯ್ಕೆಯನ್ನು ಯಾರೂ ಆಕ್ಷೇಪಿಸುವಂತಿಲ್ಲ. ಜಾತಿಯನ್ನು ಸೂಚಿಸುವ ಬಾಲವನ್ನು ಹೆಸರಿನಿಂದ ಕತ್ತರಿಸಿದವರದೂ ಇಂಥದೇ ಆಯ್ಕೆ. ಊರಿನ ಹೆಸರು ಯಾರ ಜಾತಿಯನ್ನೂ ಹೇಳುವುದಿಲ್ಲವೆಂಬುದನ್ನು ಇಲ್ಲಿ ನೆನೆಯಬಹುದು. ಒಂದು ಊರಿನ ಎಲ್ಲ ಕೇರಿಯವರಿಗೂ ಅಕ್ಷರ ಒಂದೇ.

ಹಾಗಾದರೆ ನಾವು ಮಾಡಬಹುದಾದುದೇನು? ಮಕ್ಕಳಿಗೆ ಹಳೆಯ ಹೆಸರನ್ನೇ ಇಡಿರೆಂದು ಹೇಳುವುದು ಸರಿಯಲ್ಲ, ಹೇಳಿದರೂ ಯಾರೂ ಕೇಳುವುದಿಲ್ಲ. ಎರಡು ಸಣ್ಣ ಕೆಲಸಗಳನ್ನು ಮಾತ್ರ ಸೂಚಿಸುತ್ತೇನೆ. ಜನನ ನೋಂದಣಿಯ ನಿಯಮದಂತೆ ಮಗುವಿನ ಹೆಸರನ್ನು ಒಂದು ವರ್ಷದೊಳಗೆ ಶುಲ್ಕವಿಲ್ಲದೆಯೂ ಹದಿನೈದು ವರ್ಷದವರೆಗೆ ಶುಲ್ಕ ಕೊಟ್ಟೂ ಸೇರಿಸಲು ಅವಕಾಶವಿದೆ. ಆದ್ದರಿಂದ ಅವಸರದಲ್ಲಿ ಒಂಟಿ ಅಕ್ಷರ ಬರೆಸಬೇಕಾಗಿಲ್ಲ. ಊರೋ ತಂದೆಯೋ ತಾಯಿಯೋ, ಯಾವುದು ಮುಂದುವರಿಯಬೇಕೆಂದು ಮನೆಯವರೆಲ್ಲ ಕುಳಿತು ತೀರ್ಮಾನಿಸಿ ಅದನ್ನು ಪೂರ್ತಿಯಾಗಿ, ಎಲ್ಲ ಮಕ್ಕಳಿಗೂ ಒಂದೇ ಬಗೆಯಾಗಿ ಬರೆಸಬಹುದು.

ಎರಡನೆಯದು ಇನ್ನೂ ಸುಲಭ. ಪ್ರತಿಯೊಂದು ಮನೆಯಲ್ಲಿಯೂ ಒಂದು ಹಾಳೆಯ ಮೇಲೆ ಹಿರಿಯರ ಅಕ್ಷರಗಳನ್ನು ಬಿಡಿಸಿ ಬರೆದಿಡಬೇಕು. ಯಾವ ಊರು, ಯಾವ ತಾಲ್ಲೂಕು, ತಂದೆಯ ಹೆಸರೇನು, ತಾಯಿಯ ತವರು ಯಾವುದು, ಆ ಹೆಸರನ್ನು ಏಕೆ ಇಟ್ಟರು, ಇಷ್ಟು ಸಾಕು. ಕಲ್ಲಿನಲ್ಲಿ ಕೊರೆಸಿದ್ದರಿಂದ ಬುಟ್ಟಣಸೆಟ್ಟಿ ಯಾರ ಮಗನೆಂಬುದು ಸಾವಿರದ ನೂರು ವರ್ಷಗಳ ಮೇಲೆಯೂ ನಮಗೆ ತಿಳಿದಿದೆ. ನಮ್ಮ ಅಜ್ಜಂದಿರ ‘ಎಚ್’ ಏನೆಂಬುದನ್ನು ಬಲ್ಲವರು ಈಗ ಎಂಬತ್ತರ ವಯಸ್ಸಿನವರು. ಅವರು ಇರುವಾಗಲೇ ಕೇಳಿ ಬರೆದಿಟ್ಟುಕೊಳ್ಳುವುದು ಒಳ್ಳೆಯದು.